ಮೋಟಾರು ದೊಡ್ಡದಿದ್ದರೂ ಫೋಮ್ ವಿಮಾನ ಎಡಕ್ಕೇ ಮಗುಚುವುದೇಕೆ?

ಪ್ರಶ್ನೆ

"ಚಿತ್ರದುರ್ಗದಲ್ಲಿ ನನ್ನದೊಂದು ಫ್ಲೆಕ್ಸ್ ಮತ್ತು ನಾಮಫಲಕದ ಅಂಗಡಿ ಇದೆ. ಪಿಯುಸಿ ಓದುತ್ತಿರುವ ಮಗನ ಜೊತೆ ಸೇರಿ, ಅಂಗಡಿಯಲ್ಲಿ ಮಿಕ್ಕಿದ್ದ 5 ಮಿ.ಮೀ. ಸನ್‌ಬೋರ್ಡ್ ಕತ್ತರಿಸಿ, ಪಲ್ಟಿ ಹೊಡೆಯುವಂಥ ರಿಮೋಟ್ ವಿಮಾನವೊಂದನ್ನು ಮಾಡಿದ್ದೇನೆ. ರೆಕ್ಕೆಯ ಉದ್ದ 90 ಸೆಂ.ಮೀ., ಅಗಲ 22 ಸೆಂ.ಮೀ., ಬ್ಯಾಟರಿ ಸೇರಿ ತೂಕ 760 ಗ್ರಾಂ. 2200 ಕೆವಿ ಮೋಟಾರು, 8 ಇಂಚಿನ ಪ್ರೊಪೆಲ್ಲರ್, 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ), ಮೂರು ಸೆಲ್ಲಿನ 1800 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಮತ್ತು ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ 9 ಗ್ರಾಂನ ನಾಲ್ಕು ಸರ್ವೋ ಹಾಕಿದ್ದೇವೆ. ಪೂರ್ತಿ ಥ್ರಾಟಲ್ ಕೊಟ್ಟು ಕೈಯಿಂದ ಎಸೆದ ಕೂಡಲೇ ಅದು ಮೂತಿ ಎತ್ತಿ ಎಡಕ್ಕೆ ಮಗುಚಿ ಬೀಳುತ್ತದೆ. ಸ್ಟಿಕ್ ಬಲಕ್ಕೆ ಒತ್ತಿದರೆ ಇನ್ನೂ ಜೋರಾಗಿ ಎಡಕ್ಕೇ ಉರುಳುತ್ತದೆ. ಇಎಸ್‌ಸಿ ಬಿಸಿಯಾಗಿ ಸುಟ್ಟ ವಾಸನೆ ಬಂತು, ಬ್ಯಾಟರಿ ಸ್ವಲ್ಪ ಉಬ್ಬಿದೆ. ಒಬ್ಬರು ಇನ್ನೂ ದೊಡ್ಡ ಮೋಟಾರು ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಮೂತಿಗೆ ಎಂ-ಸೀಲ್ ಮೆತ್ತಿ ಎನ್ನುತ್ತಾರೆ, ಮತ್ತೊಬ್ಬರು ಪಲ್ಟಿ ಹೊಡೆಯುವ ವಿಮಾನಕ್ಕೆ ಬಾಲವೇ ಭಾರವಿರಬೇಕು ಎನ್ನುತ್ತಾರೆ. ದುರ್ಗದ ಗಾಳಿಯಲ್ಲಿ ಇಂಥವು ಹಾರುವುದೇ ಇಲ್ಲ ಎಂದವರೂ ಉಂಟು. ಬ್ಯಾಟರಿಯನ್ನು ಮನೆಯೊಳಗೆ ಚಾರ್ಜ್ ಮಾಡಲು ಮನೆಯವರು ಬಿಡುತ್ತಿಲ್ಲ. ಚಳ್ಳಕೆರೆ ಕಡೆ ರಕ್ಷಣಾ ಕೇಂದ್ರ ಇರುವುದರಿಂದ ಇದನ್ನು ಹಾರಿಸಲು ಅನುಮತಿ ಬೇಕೇ? ಇದನ್ನೇ ಸರಿಪಡಿಸಬಹುದೇ, ಹೊಸದು ಮಾಡಬೇಕೇ, ರೆಡಿಮೇಡ್ ಕೊಳ್ಳುವುದೇ ಲೇಸೇ? ಲೂಪ್, ರೋಲ್ ಕಲಿಯುವ ಕ್ರಮ ಯಾವುದು?"

— ಓದುಗರೊಬ್ಬರು, ಚಿತ್ರದುರ್ಗ

ಉತ್ತರ

ಅಳತೆ, ತೂಕ, ಬಿಡಿಭಾಗಗಳ ವಿವರವನ್ನೆಲ್ಲ ಬರೆದು ಕಳುಹಿಸಿರುವುದರಿಂದ ಊಹೆಯ ಮೇಲೆ ಉತ್ತರಿಸುವ ಪ್ರಮೇಯ ನನಗಿಲ್ಲ. ನಿಮ್ಮ ಪತ್ರದಲ್ಲಿ ಹತ್ತು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ: ತಪ್ಪಿರುವುದು ಕಟ್ಟಿದ ರೀತಿಯಲ್ಲೋ, ಹಾರಿಸುವ ಕೈಯಲ್ಲೋ ಎಂಬುದು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿಕೊಂಡು ಬರುವ ಮಾದರಿ ವಿಮಾನಗಳನ್ನು ವರ್ಷ ವರ್ಷವೂ ಪರೀಕ್ಷಿಸುವವನಾಗಿ ಹೇಳುವುದಾದರೆ, ನಿಮ್ಮ ಅಥವಾ ನಿಮ್ಮ ಮಗನ ಕೈಯನ್ನು ದೂರುವ ಹಂತಕ್ಕೆ ಈ ವಿಮಾನ ಇನ್ನೂ ಬಂದೇ ಇಲ್ಲ. 760 ಗ್ರಾಂ ಎಂಬ ಒಂದು ಸಂಖ್ಯೆಯೇ ಮೂಲ. ಎಡಕ್ಕೆ ಮಗುಚುವುದು ಬಹುಮಟ್ಟಿಗೆ ಅದರ ಹಿಂದೆಯೇ ಬಂದ ತೊಂದರೆ. ಇಎಸ್‌ಸಿ ಬಿಸಿಯಾಗುವುದು, ಬ್ಯಾಟರಿ ಉಬ್ಬುವುದು ಮೋಟಾರಿಗೂ ಪ್ರೊಪೆಲ್ಲರಿಗೂ ಹೊಂದಿಕೆಯಾಗದ್ದರಿಂದ ಬಂದವು.

ಆದರೂ ತೂಕದ ಮಾತಿಗೆ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಪ್ರೊಪೆಲ್ಲರ್ ಬಿಚ್ಚಿಟ್ಟು, ವಿಮಾನದ ಹಿಂದೆ ನಿಂತು, ಸ್ಟಿಕ್ಕನ್ನು ಬಲಕ್ಕೆ ಒತ್ತಿರಿ. ಬಲ ರೆಕ್ಕೆಯ ಏಲೆರಾನ್, ಅಂದರೆ ಹಿಂಬದಿಯ ಅಂಚಿನಲ್ಲಿ ಆಡುವ ಪಟ್ಟಿ, ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಇದು ತಿರುಗುಮುರುಗಾಗಿದ್ದರೆ ನೀವು ಬಲಕ್ಕೆ ಒತ್ತಿದಷ್ಟೂ ವಿಮಾನ ಎಡಕ್ಕೇ ಉರುಳುತ್ತದೆ, ಮತ್ತು ನಿಮ್ಮ ಕೈಯಲ್ಲಿರುವ ರಿಮೋಟ್, ಅಂದರೆ ಟ್ರಾನ್ಸ್‌ಮಿಟರ್‌ನ ರಿವರ್ಸ್ ಆಯ್ಕೆಯಲ್ಲಿ ಒಂದು ಗುಂಡಿ ಒತ್ತಿದರೆ ಅದು ಸರಿಹೋಗುತ್ತದೆ. ಮೊದಲ ಹಾರಾಟದಲ್ಲೇ ಬಿದ್ದ ವಿಮಾನಗಳಲ್ಲಿ ಈ ತಪ್ಪು ಎಷ್ಟು ಸಾಮಾನ್ಯವೆಂದರೆ, ಬೇರೇನನ್ನೂ ಕೇಳುವ ಮೊದಲು ನಾನು ಇದನ್ನೇ ನೋಡುತ್ತೇನೆ. ನಿಮ್ಮದರಲ್ಲಿ ಏಲೆರಾನ್ ದಿಕ್ಕು ಸರಿಯಾಗಿಯೇ ಇದ್ದರೆ ಕಾರಣ ಇನ್ನೂ ಆಳದಲ್ಲಿದೆ, ನಿಮ್ಮ ಅಂಕಿಗಳನ್ನು ನೋಡಿದರೆ ಹಾಗೆಯೇ ಇರಬೇಕೆಂದು ತೋರುತ್ತದೆ.

ರೆಕ್ಕೆಯ ವಿಸ್ತೀರ್ಣ ಸುಮಾರು 0.2 ಚದರ ಮೀಟರ್. ಅದರ ಮೇಲೆ 760 ಗ್ರಾಂ ಹೊರಿಸಿದರೆ ಒಂದು ಚದರ ಡೆಸಿಮೀಟರಿಗೆ, ಅಂದರೆ ಅಂಗೈಯಷ್ಟು ಜಾಗಕ್ಕೆ, 38 ಗ್ರಾಂ ಬೀಳುತ್ತದೆ. ಈ ಗಾತ್ರದ, ಚಪ್ಪಟೆ ಹಾಳೆಯಿಂದ ಮಾಡಿದ ಕಸರತ್ತಿನ ವಿಮಾನಕ್ಕೆ ಅದು 20ರ ಆಸುಪಾಸಿನಲ್ಲಿರಬೇಕು. ಚಪ್ಪಟೆ ರೆಕ್ಕೆ ಹೆಚ್ಚು ಎತ್ತುವಳಿ ಕೊಡುವಂಥದ್ದಲ್ಲವಾದ್ದರಿಂದ, ನಮ್ಮ ಬಯಲುಸೀಮೆಯ ಬೇಸಿಗೆಯ ಗಾಳಿಯಲ್ಲಿ ನಿಮ್ಮ ವಿಮಾನ ನೆಲ ಬಿಟ್ಟು ನಿಲ್ಲಲು ಗಂಟೆಗೆ 34 ಕಿ.ಮೀ.ನಷ್ಟು ವೇಗವಾದರೂ ಬೇಕೆಂದು ಲೆಕ್ಕ ಹೇಳುತ್ತದೆ. ಇದೇ ರೆಕ್ಕೆಯ ಮೇಲೆ 400 ಗ್ರಾಂ ಇದ್ದಿದ್ದರೆ 25 ಕಿ.ಮೀ. ಸಾಕಾಗುತ್ತಿತ್ತು. ನಾಲ್ಕು ಹೆಜ್ಜೆ ಓಡಿ ಕೈಯಿಂದ ಎಸೆದಾಗ ಇಷ್ಟು ದೊಡ್ಡ ವಸ್ತುವಿಗೆ ಸಿಗುವ ವೇಗ ಸುಮಾರಾಗಿ ಆ ಎರಡನೆಯ ಅಂಕಿಯೇ. ಅಂದರೆ ನಿಮ್ಮ ಕೈ ಬಿಟ್ಟ ಗಳಿಗೆಯಲ್ಲೇ ರೆಕ್ಕೆ ಸ್ಟಾಲ್ ಸ್ಥಿತಿಯಲ್ಲಿರುತ್ತದೆ. ಮೇಲ್ಮೈಯ ಗಾಳಿ ಕಿತ್ತುಹೋಗಿ, ಎತ್ತುವ ಶಕ್ತಿ ಕುಸಿದಿರುತ್ತದೆ.

ಎಡಕ್ಕೇ ಏಕೆ ಎಂಬುದಕ್ಕೂ ಉತ್ತರವಿದೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವುದರಿಂದ, ಅದರ ಪ್ರತಿಕ್ರಿಯೆಯಾಗಿ ವಿಮಾನದ ಒಡಲು ಎಡಕ್ಕೆ ತಿರುಗಲು ಹವಣಿಸುತ್ತದೆ. ಜೊತೆಗೆ, ಪ್ರೊಪೆಲ್ಲರಿನಿಂದ ಸುರುಳಿಯಾಗಿ ಹಿಂದಕ್ಕೆ ಹರಿಯುವ ಗಾಳಿ ಬಾಲದ ನಿಂತ ಹಲಗೆಗೆ, ಅಂದರೆ ರಡ್ಡರಿಗೆ, ಒಂದು ಬದಿಯಿಂದ ಬಡಿದು ಮೂತಿಯನ್ನೂ ಎಡಕ್ಕೆ ನೂಕುತ್ತದೆ. ವೇಗವಿದ್ದಾಗ ರೆಕ್ಕೆ ಮತ್ತು ಏಲೆರಾನ್‌ಗಳು ಇದನ್ನು ಸದ್ದಿಲ್ಲದೆ ತಡೆದುಕೊಳ್ಳುತ್ತವೆ, ವೇಗವಿಲ್ಲದಾಗ ತಡೆಯಲು ಯಾವುದೂ ಇರುವುದಿಲ್ಲ. ನೀವು ಪೂರ್ತಿ ಥ್ರಾಟಲ್ ಕೊಟ್ಟಿರುವುದರಿಂದ ಎಡದ ಸೆಳೆತವಂತೂ ಗರಿಷ್ಠ ಮಟ್ಟದಲ್ಲಿದೆ. ಆಗ ಗಾಬರಿಯಿಂದ ಸ್ಟಿಕ್ಕನ್ನು ಬಲಕ್ಕೆ ಒತ್ತಿದರೆ ಎಡ ರೆಕ್ಕೆಯ ಏಲೆರಾನ್ ಕೆಳಗಿಳಿಯುತ್ತದೆ, ಮೊದಲೇ ಸ್ಟಾಲ್ ಅಂಚಿನಲ್ಲಿದ್ದ ಆ ತುದಿಯ ಮೇಲೆ ಗಾಳಿ ಬಡಿಯುವ ಕೋನ ಇನ್ನಷ್ಟು ಹೆಚ್ಚುತ್ತದೆ, ಉಳಿದಿದ್ದ ಅಲ್ಪಸ್ವಲ್ಪ ಎತ್ತುವಳಿಯೂ ಹೋಗಿ ಎಡ ರೆಕ್ಕೆ ದಬಕ್ಕನೆ ಕುಸಿಯುತ್ತದೆ. ಏಲೆರಾನ್ ದಿಕ್ಕು ಸರಿ ಇದ್ದರೂ 'ಬಲಕ್ಕೆ ಒತ್ತಿದರೆ ಎಡಕ್ಕೆ ಹೋಗುತ್ತದೆ' ಎಂದು ನಿಮಗೆ ಅನಿಸಿದ್ದು ಇದರಿಂದಲೇ ಇರಬೇಕು.

ಇನ್ನೂ ದೊಡ್ಡ ಮೋಟಾರು ಹಾಕಿ ಎಂಬ ಸಲಹೆಯ ಹಿಂದೆ ಕೆವಿ ಎಂದರೆ ಶಕ್ತಿ ಎಂಬ ತಪ್ಪು ತಿಳಿವಳಿಕೆ ಇದೆ. ಮೋಟಾರಿನ ಮೇಲೆ ಬರೆದಿರುವ ಕೆವಿ, ಹೊರೆಯಿಲ್ಲದಾಗ ಒಂದು ವೋಲ್ಟಿಗೆ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. 11.1 ವೋಲ್ಟಿನ ಬ್ಯಾಟರಿಗೆ ನಿಮ್ಮ 2200 ಕೆವಿ ಮೋಟಾರು 24,000ಕ್ಕೂ ಹೆಚ್ಚು ಸುತ್ತಿಗೆ ಹಾತೊರೆಯುತ್ತದೆ. ಅದು 6 ಇಂಚಿನ ಸಣ್ಣ ಪ್ರೊಪೆಲ್ಲರಿನೊಂದಿಗೆ ವೇಗದ ವಿಮಾನಗಳಿಗೆ ಹೊಂದುವ ಮೋಟಾರು. ಅದಕ್ಕೆ 8 ಇಂಚಿನದನ್ನು ಕಟ್ಟುವುದು ತುಂಬಿದ ಲಾರಿಯನ್ನು ಐದನೇ ಗೇರಿನಲ್ಲಿ ಘಾಟಿ ಹತ್ತಿಸಿದಂತೆ. ಪ್ರೊಪೆಲ್ಲರ್ ಬೇಡುವ ಶಕ್ತಿ ಅದರ ವ್ಯಾಸದ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುವುದರಿಂದ, ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ಅಳತೆ) ಮತ್ತು ಸುತ್ತು ಅಷ್ಟೇ ಇದ್ದರೆ 6 ಇಂಚಿಗಿಂತ 8 ಇಂಚು ಮೂರು ಪಟ್ಟು ಶಕ್ತಿ ಎಳೆಯುತ್ತದೆ. ಮೋಟಾರು ಸುತ್ತನ್ನು ಬಿಟ್ಟುಕೊಡದಿರಲು ಕರೆಂಟನ್ನು ಹೀರುತ್ತ ಹೋಗುತ್ತದೆ, 30 ಆಂಪಿಯರಿನ ಇಎಸ್‌ಸಿ ಬೇಯುತ್ತದೆ, ಬ್ಯಾಟರಿ ಉಬ್ಬುತ್ತದೆ. ನಿಮಗೆ ಬೇಕಾಗಿರುವುದು ನಿಧಾನವಾಗಿ ತಿರುಗಿ ಹೆಚ್ಚು ಗಾಳಿಯನ್ನು ತಳ್ಳುವ ಜೋಡಿ, ಅಂದರೆ 2212 ಎಂಬ ಗಾತ್ರದ 1000 ಕೆವಿ ಮೋಟಾರು ಮತ್ತು 10 ಇಂಚಿನ, 4.5 ಅಥವಾ 4.7 ಪಿಚ್ಚಿನ ಹಗುರ ಪ್ರೊಪೆಲ್ಲರ್. ಇದು ಅದೇ ಮೂರು ಸೆಲ್ಲಿನ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 20 ಆಂಪಿಯರಿನೊಳಗೇ ಇದ್ದು, ಸುಮಾರು 800 ಗ್ರಾಂ ಎಳೆತ ಕೊಡುತ್ತದೆ. 400 ಗ್ರಾಂನ ವಿಮಾನಕ್ಕೆ ಅದು ತೂಕದ ಎರಡು ಪಟ್ಟು, ನೇರವಾಗಿ ಮೇಲಕ್ಕೇರಲು ಧಾರಾಳ. 760 ಗ್ರಾಂಗೆ ಅದೇ ಎಳೆತ ಅಷ್ಟಕ್ಕಷ್ಟೆ. ವಾಸನೆ ಬಂದ ಇಎಸ್‌ಸಿಯನ್ನು ಮಾತ್ರ ಮತ್ತೆ ಬಳಸಬೇಡಿ. ಅಂಗಳದಲ್ಲಿ ಸರಿಯಾಗಿ ಓಡಿದರೂ ಹಾರುವಾಗ ಕೈಕೊಟ್ಟರೆ ಸರ್ವೋಗಳಿಗೂ ಕರೆಂಟು ನಿಂತು ವಿಮಾನ ಹತೋಟಿ ತಪ್ಪುತ್ತದೆ.

ಈಗ ಸನ್‌ಬೋರ್ಡಿನ ವಿಷಯ. ಅಂಗಡಿಯಲ್ಲೇ ಸಿಗುತ್ತದೆ, ನೇರವಾಗಿ ಕತ್ತರಿಸುತ್ತದೆ, ನಯವಾಗಿ ಕಾಣುತ್ತದೆ. ಆದರೆ ಅದು ನಾಮಫಲಕಕ್ಕೆಂದು, ಗೋಡೆಯ ಮೇಲೆ ವರ್ಷಗಟ್ಟಲೆ ಮಟ್ಟಸವಾಗಿ ನಿಲ್ಲಲೆಂದು ಮಾಡಿದ ಹಾಳೆ. ಅದರ ಗಟ್ಟಿತನವೇ ನಿಮಗೆ ಮುಳುವಾಗಿದೆ. ಮೋಟಾರು, ಬ್ಯಾಟರಿ, ಸರ್ವೋ, ರಿಸೀವರ್ ಎಲ್ಲ ಸೇರಿ ನಿಮ್ಮ ವಿಮಾನದಲ್ಲಿ ಹೆಚ್ಚೆಂದರೆ 300 ಗ್ರಾಂ ಇರಬಹುದು, ಉಳಿದ 460 ಗ್ರಾಂ ಹಾಳೆ ಮತ್ತು ಅಂಟಿನದು. ಆದ್ದರಿಂದ ಇದನ್ನೇ ಸರಿಪಡಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ಅಲ್ಲಲ್ಲಿ ತೂತು ಕೊರೆದು ಐವತ್ತು ಗ್ರಾಂ ಇಳಿಸುವಷ್ಟರಲ್ಲಿ ಒಡಲು ಸೊಟ್ಟಗಾಗುತ್ತದೆ. ಸರ್ವೋ, ರಿಸೀವರ್‌ಗಳನ್ನು ಬಿಚ್ಚಿಟ್ಟುಕೊಂಡು, ಈ ಒಡಲನ್ನೇ ಅಚ್ಚಾಗಿಟ್ಟುಕೊಂಡು ಹೊಸದನ್ನು ಕತ್ತರಿಸಿ.

ಯಾವ ಹಾಳೆಯಾದರೂ ಸರಿ, ಕೊಳ್ಳುವ ಮೊದಲು ಒಂದು ಅಡಿ ಉದ್ದ, ಒಂದು ಅಡಿ ಅಗಲದ ತುಂಡನ್ನು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ. ಮಾದರಿ ವಿಮಾನಗಳಿಗೆ ಬಳಸುವ ಡೆಪ್ರಾನ್ ಎಂಬ ಹಗುರ ಫೋಮಿನ 6 ಮಿ.ಮೀ. ಹಾಳೆಯ ಅಂಥ ತುಂಡು ಸುಮಾರು 20 ಗ್ರಾಂ ಇರುತ್ತದೆ. ತೂಕ 25 ಗ್ರಾಂ ದಾಟಿದರೆ ಆ ಹಾಳೆ ಕಸರತ್ತಿನ ವಿಮಾನಕ್ಕೆ ಹೇಳಿದ್ದಲ್ಲ ಎಂದೇ ನಾನು ಲೆಕ್ಕ ಹಾಕುತ್ತೇನೆ. ನಿಮ್ಮ ವ್ಯಾಪಾರದವರಿಗೆ ಸುಲಭವಾಗಿ ಸಿಗುವ, ಎರಡೂ ಮುಖಕ್ಕೆ ಕಾಗದ ಅಂಟಿಸಿದ ಫೋಮ್ ಬೋರ್ಡ್ ಇದಕ್ಕಿಂತ ಭಾರ. ಆದರೆ ಕೆಲವು ತಯಾರಿಕೆಗಳಲ್ಲಿ ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಕಾಗದ ಸಲೀಸಾಗಿ ಸುಲಿದುಬರುತ್ತದೆ, ಒಳಗಿನ ಫೋಮ್ ಹಗುರವಾಗಿಯೇ ಇರುತ್ತದೆ. ಸುಲಿದ ಹಾಳೆ ಬೇಗ ಮುರಿಯುತ್ತದೆ ಎಂಬುದು ಅದರ ತೊಂದರೆ, ಅಂಚುಗಳಿಗೆ ಟೇಪ್ ಹಚ್ಚಿ ಸುಧಾರಿಸಬೇಕು. ಗಣಪತಿ ಮಂಟಪಕ್ಕೆ ಬಳಸುವ ಬಿಳಿ ಥರ್ಮೊಕೋಲ್ ಎಲ್ಲಕ್ಕಿಂತ ಅಗ್ಗ ಮತ್ತು ಹಗುರ. ಆದರೆ ಕಾಳು ಕಾಳಾಗಿ ಉದುರುವ ಅದಕ್ಕೆ ತೆಳು ಅಂಚು ನಿಲ್ಲುವುದಿಲ್ಲ. ಇಪಿಪಿ ಎಂಬ ಫೋಮ್ ರಬ್ಬರಿನಂತೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುವುದರಿಂದ ಬಿದ್ದರೂ ಬಾಳುತ್ತದೆ. ಆದರೆ ಬೆಲೆ ಹೆಚ್ಚು, ಮೆದು, ಕಾರ್ಬನ್ ಪಟ್ಟಿಗಳ ಆಸರೆಯಿಲ್ಲದೆ ರೆಕ್ಕೆ ಮಟ್ಟಸವಾಗಿ ನಿಲ್ಲದು. ನಿಮ್ಮ ಮೊದಲ ಒಂದೆರಡು ವಿಮಾನಗಳು ಮುರಿಯುವುದು ಖಚಿತವಾದ್ದರಿಂದ ಕಾಗದ ಸುಲಿದ ಫೋಮ್ ಬೋರ್ಡಿನಲ್ಲಿ ಕಲಿತು, ಕೈ ಪಳಗಿದ ಮೇಲೆ ಡೆಪ್ರಾನ್ ಅಥವಾ ಇಪಿಪಿಗೆ ಹೋಗುವುದು ಜಾಣತನ.

ಅಂಟಿನ ವಿಷಯದಲ್ಲಿ ಎಚ್ಚರವಿರಲಿ. ಫೆವಿಕ್ವಿಕ್ ಥರ್ಮೊಕೋಲನ್ನೂ ಡೆಪ್ರಾನನ್ನೂ ಕರಗಿಸಿ ತಿಂದುಹಾಕುತ್ತದೆ, ಚಪ್ಪಲಿಗೆ ಹಾಕುವ ಹಳದಿ ಅಂಟೂ ಅಷ್ಟೆ. ಗ್ಲೂ ಗನ್ ಅನುಕೂಲ, ಆದರೆ ಕುದಿಯುವಷ್ಟು ಬಿಸಿಯಿದ್ದರೆ ಫೋಮಿನಲ್ಲಿ ಹೊಂಡ ಬೀಳುತ್ತದೆ. ಕೈ ಬಿಗಿಯಿಲ್ಲದೆ ಸುರಿದರೆ ಅಂಟಿನಲ್ಲೇ ಐವತ್ತು ಗ್ರಾಂ ಸೇರಿಬಿಡುತ್ತದೆ. ಮೋಟಾರಿನ ಮರದ ಪಟ್ಟಿ ಮತ್ತು ಸರ್ವೋಗಳಿಗೆ ಮಾತ್ರ ಗ್ಲೂ ಗನ್ ಇಟ್ಟುಕೊಂಡು, ಉದ್ದನೆಯ ಜೋಡಣೆಗಳಿಗೆ ಫೋಮ್ ಕರಗಿಸದ ಅಂಟನ್ನು ತೆಳುವಾಗಿ ಸವರಿ. ರೆಕ್ಕೆಯ ಬೆನ್ನೆಲುಬಿಗೆ ಕಾರ್ಬನ್ ಕಡ್ಡಿ ಸಿಗದಿದ್ದರೆ, ಗಂಟುಗಳನ್ನು ಹೆರೆದು ನಯಮಾಡಿದ 3 ಮಿ.ಮೀ. ಬಿದಿರಿನ ಸೀಳು ಆದೀತು. 90 ಸೆಂ.ಮೀ. ಉದ್ದಕ್ಕೆ ಅದರ ತೂಕ ಆರು ಗ್ರಾಂ ಮೀರದು. ಏಲೆರಾನ್ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಟೇಪಿನಿಂದಲೇ ಹಿಂಜು ಮಾಡಿ. ಈ ಕೆಲಸದಲ್ಲಿ ನಿಮ್ಮ ಅಂಗಡಿಯ ಕಟ್ಟರ್ ಮತ್ತು ಉಕ್ಕಿನ ಸ್ಕೇಲು ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯ ಬಳಿಯೂ ಇಲ್ಲದ ಅನುಕೂಲ. ಎಲ್ಲ ಮುಗಿದ ಮೇಲೆ ವಿಮಾನವನ್ನು ತೋಳಿನಳತೆಯಲ್ಲಿ ಹಿಡಿದು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ರೆಕ್ಕೆಯ ಹಿಂಬದಿಯ ಅಂಚು ಎಡದಲ್ಲೂ ಬಲದಲ್ಲೂ ಬಾಲದ ಅಡ್ಡಹಲಗೆಗೆ ಸಮಾನಾಂತರವಾಗಿ ಕಾಣಬೇಕು. ಒಂದು ತುದಿ ಎರಡು ಮಿಲಿಮೀಟರ್ ತಿರುಚಿದ್ದರೂ ಲೂಪಿನ ನೆತ್ತಿಯಲ್ಲಿ ವಿಮಾನ ಒಂದು ಬದಿಗೆ ಜಾರುತ್ತದೆ. ಮೋಟಾರನ್ನು ಎರಡು ಮೂರು ಡಿಗ್ರಿ ಬಲಕ್ಕೆ ಓರೆಯಾಗಿ ಕೂರಿಸಿದರೆ ಮೂತಿಯನ್ನು ಎಡಕ್ಕೆ ನೂಕುವ ಸೆಳೆತ ಬಹುಪಾಲು ಅಡಗುತ್ತದೆ.

ಮೂತಿ ಭಾರವೋ ಬಾಲ ಭಾರವೋ ಎಂಬ ವಾದದಲ್ಲಿ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಮೂತಿ ತುಸು ಭಾರವಿದ್ದರೆ ವಿಮಾನ ತನ್ನಷ್ಟಕ್ಕೆ ಮಟ್ಟಕ್ಕೆ ಬರುತ್ತದೆ ಎಂಬುದು ನಿಜ. ಆದರೆ ಎಂ-ಸೀಲ್ ಮೆತ್ತಿದರೆ ಒಟ್ಟು ತೂಕವೂ ಏರಿ ಮೂಲ ರೋಗವೇ ಉಲ್ಬಣಿಸುತ್ತದೆ. ಮೂತಿ ವಿಪರೀತ ಭಾರವಾದರೆ ಇಳಿಯುವಾಗ ಎಲಿವೇಟರ್ (ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿ) ಸಾಲದೆ ನೆಲಕ್ಕೆ ಮೂತಿ ಊರುತ್ತದೆ. ಇನ್ನು ಕಸರತ್ತಿನ ವಿಮಾನದ ಗುರುತ್ವ ಕೇಂದ್ರ ಸಾಧಾರಣ ವಿಮಾನಕ್ಕಿಂತ ಹಿಂದಿರುತ್ತದೆ ಎಂಬುದೂ ನಿಜವೇ. ಆದರೆ ಒಂದು ಮಿತಿಗಿಂತ ಹಿಂದೆ ಹೋದರೆ ಸಣ್ಣ ಏರಿಳಿತವೂ ತಾನಾಗಿ ಬೆಳೆಯುತ್ತ ಹೋಗುತ್ತದೆ, ಅಂಥ ವಿಮಾನವನ್ನು ಪಳಗಿದವರೂ ಹಿಡಿದು ನಿಲ್ಲಿಸಲಾರರು. ಎಸೆದ ಕೂಡಲೇ ನಿಮ್ಮ ವಿಮಾನ ಮೂತಿ ಎತ್ತಿತು ಎಂದಿದ್ದೀರಲ್ಲ, ಅದು ಈ ಬಗೆಯ ಬಾಲಭಾರದ ಲಕ್ಷಣವಾಗಿರುವ ಸಂಭವವೂ ಇದೆ. ರೆಕ್ಕೆ ಬುಡದಿಂದ ತುದಿಯವರೆಗೂ ನೀವು ಹೇಳಿದ 22 ಸೆಂ.ಮೀ. ಅಗಲವೇ ಇದ್ದರೆ, ಮುಂದಿನ ಅಂಚಿನಿಂದ 5.5 ಸೆಂ.ಮೀ. ಹಿಂದೆ ಎರಡೂ ಬದಿಗೆ ಪೆನ್ನಿನ ಗುರುತು ಮಾಡಿ, ಎರಡು ಬೆರಳ ತುದಿಯ ಮೇಲೆ ಅಲ್ಲಿ ವಿಮಾನ ಮಟ್ಟಸವಾಗಿ ನಿಲ್ಲುವಂತೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ಸೇರಿಸುವ ತೂಕದಿಂದ ಬೇಡ, ಬ್ಯಾಟರಿಯ ಜಾಗದಿಂದಲೇ ಸರಿತೂಗಿಸಿ. ಅದಕ್ಕಾಗಿಯೇ ಬ್ಯಾಟರಿಯನ್ನು ಕೊನೆಯಲ್ಲಿ ಕೂರಿಸಬೇಕು. ಹಾರಾಟ ಹಿಡಿತಕ್ಕೆ ಬಂದ ಮೇಲೆ ಮೂರು ನಾಲ್ಕು ಮಿಲಿಮೀಟರಿನಂತೆ ಹಿಂದಕ್ಕೆ ಸರಿಸುತ್ತ 7.3 ಸೆಂ.ಮೀ.ವರೆಗೆ ಹೋಗಬಹುದು, ಅದರಾಚೆಗೆ ನಾನು ಹೋಗಗೊಡುವುದಿಲ್ಲ. ಸರಿಯಾದ ಜಾಗ ಯಾವುದೆಂದು ವಿಮಾನವೇ ಹೇಳುತ್ತದೆ. ತಲೆಕೆಳಗಾಗಿ ಹಾರಿಸಿದಾಗ ಮಟ್ಟದಲ್ಲಿಡಲು ಸ್ಟಿಕ್ಕನ್ನು ಮುಂದಕ್ಕೆ ಬಲವಾಗಿ ಒತ್ತಿ ಹಿಡಿಯಬೇಕಾದರೆ ಮೂತಿ ಇನ್ನೂ ಭಾರವಿದೆ, ತುಸುವೇ ಒತ್ತಿದರೆ ಸಾಕಾದರೆ ಸರಿಯಿದೆ, ಒತ್ತದೆಯೇ ಅದು ಮೇಲಕ್ಕೆ ಏರಹೋದರೆ ಹಿಂದೆ ಸರಿಸಿದ್ದು ಅತಿಯಾಗಿದೆ.

ಏಲೆರಾನ್, ಎಲಿವೇಟರ್ ಎಷ್ಟು ತಿರುಗಬೇಕೆಂಬುದರಲ್ಲೂ ಹೊಸಬರು ಎಡವುತ್ತಾರೆ. ಕಸರತ್ತಿನ ವಿಡಿಯೋಗಳಲ್ಲಿ ಅವು 45 ಡಿಗ್ರಿ ಬಾಗುವುದನ್ನು ನೋಡಿ ಮೊದಲ ದಿನವೇ ಹಾಗೆ ಇಡುತ್ತಾರೆ. ಸ್ವಿಚ್ಚಿನಿಂದ ಕೋನ ಬದಲಿಸುವ ಟ್ರಾನ್ಸ್‌ಮಿಟರಿನ ಡ್ಯುಯಲ್ ರೇಟ್ ಬಳಸಿ, ಮೊದಲ ಹಾರಾಟಗಳಿಗೆ 12ರಿಂದ 15 ಡಿಗ್ರಿ ಮತ್ತು ಶೇ 30ರಷ್ಟು ಎಕ್ಸ್‌ಪೊ (ಸ್ಟಿಕ್ಕಿನ ನಡುಭಾಗದ ಸ್ಪಂದನೆಯನ್ನು ಮೆದುಗೊಳಿಸುವ ಆಯ್ಕೆ) ಇಟ್ಟುಕೊಳ್ಳಿ, ದೊಡ್ಡ ಕೋನವನ್ನು ಸ್ವಿಚ್ಚಿನ ಆಚೆ ಬದಿಗೆ ಕಾದಿರಿಸಿ. ಸಿಗ್ನಲ್ ತಪ್ಪಿದರೆ ಥ್ರಾಟಲ್ ಶೂನ್ಯಕ್ಕೆ ಇಳಿಯುವಂತೆ ಫೇಲ್‌ಸೇಫ್ ಹೊಂದಿಸುವುದನ್ನು ಮರೆಯಬಾರದು. ಈ ಹೊಂದಾಣಿಕೆಗಳನ್ನೆಲ್ಲ ಮನೆಯಲ್ಲಿ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಯೇ ಇರಬೇಕು. ನಿಮಿಷಕ್ಕೆ 7,500 ಸುತ್ತು ತಿರುಗುವ 10 ಇಂಚಿನ ಪ್ರೊಪೆಲ್ಲರಿನ ತುದಿ ಗಂಟೆಗೆ ಸುಮಾರು 360 ಕಿ.ಮೀ. ವೇಗದಲ್ಲಿರುತ್ತದೆ, ಬೆರಳು ತಗುಲಿದರೆ ಮೂಳೆಯವರೆಗೂ ಇಳಿಯುತ್ತದೆ.

ದುರ್ಗದ ಗಾಳಿಯ ಮಾತು ಕಟ್ಟುಕತೆಯಲ್ಲ, ಆದರೆ ಹಾರುವುದೇ ಇಲ್ಲ ಎಂಬುದು ಉತ್ಪ್ರೇಕ್ಷೆ. ನಿಮ್ಮ ಊರು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿಯ ಸಾಂದ್ರತೆ, ಪಠ್ಯಪುಸ್ತಕದ ಸಮುದ್ರಮಟ್ಟದ ಅಂಕಿಗಿಂತ ಶೇ 14ರಷ್ಟು ಕಡಿಮೆಯಿರುತ್ತದೆ. ರೆಕ್ಕೆಯ ಎತ್ತುವಳಿಯೂ ಪ್ರೊಪೆಲ್ಲರಿನ ಎಳೆತವೂ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತವೆ, 800 ಗ್ರಾಂ ಎಳೆತ ಎಂದದ್ದು ಅಲ್ಲಿ 700ರ ಹತ್ತಿರಕ್ಕೆ ಇಳಿಯುತ್ತದೆ. ಹಗುರ ವಿಮಾನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಭಾರದ್ದಕ್ಕೆ ಮಾತ್ರ ಅದು ಗಾಯದ ಮೇಲಿನ ಬರೆ. ಬೀಸುಗಾಳಿಯ ಬಗ್ಗೆ ಹೇಳುವುದಾದರೆ, ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ, ಅದರಲ್ಲೂ ಆಷಾಢದಲ್ಲಿ, 400 ಗ್ರಾಂನ ವಿಮಾನದ ವೇಗವನ್ನೂ ಮೀರಿಸುವ ಗಾಳಿ ಬೀಸುವುದುಂಟು. ಆ ತಿಂಗಳುಗಳಲ್ಲಿ ಕಟ್ಟಿ, ನವೆಂಬರಿನಿಂದ ಮಾರ್ಚ್‌ವರೆಗೆ ಹಾರಿಸಿ. ಬೆಳಿಗ್ಗೆ ಬಿಸಿಲೇರುವ ಮುಂಚಿನ ಹೊತ್ತು ಶ್ರೇಷ್ಠ. ಎಸೆಯುವಾಗ ಮಾತ್ರ ಗಾಳಿಗೆ ಎದುರಾಗಿಯೇ ಎಸೆಯಿರಿ. ಎದುರುಗಾಳಿ ಗಂಟೆಗೆ 8 ಕಿ.ಮೀ. ಇದ್ದರೆ ರೆಕ್ಕೆಗೆ ಅಷ್ಟು ವೇಗ ಪುಕ್ಕಟೆಯಾಗಿ ಸಿಕ್ಕಂತೆ. ಹಗುರವಾದ ಹೊಸ ವಿಮಾನಕ್ಕೆ ಪೂರ್ತಿ ಥ್ರಾಟಲ್ ಬೇಕಿಲ್ಲ, ಮೂರನೇ ಎರಡು ಭಾಗ ಕೊಟ್ಟು, ಮೂತಿಯನ್ನು ದಿಗಂತಕ್ಕಿಂತ ತುಸುವೇ ಮೇಲಿಟ್ಟು ನೇರವಾಗಿ ತಳ್ಳಿದರೆ ಸಾಕು.

ಬ್ಯಾಟರಿಯ ವಿಷಯದಲ್ಲಿ ನಿಮ್ಮ ಮನೆಯವರ ಆತಂಕ ಸಾಧುವಾದದ್ದು. ಲಿಪೊ ಸೆಲ್ ಉಬ್ಬಿದೆ ಎಂದರೆ ಒಳಗಿನ ದ್ರಾವಣ ಒಡೆದು ಅನಿಲವಾಗಿದೆ ಎಂದರ್ಥ, ಅದು ಮತ್ತೆ ಇಳಿದರೂ ಸೆಲ್ ಮೊದಲಿನಂತಾಗುವುದಿಲ್ಲ. ಉಬ್ಬಿದ ಬ್ಯಾಟರಿಯನ್ನು ಇನ್ನೊಮ್ಮೆ ಚಾರ್ಜಿಗೆ ಹಾಕಬೇಡಿ. ಸೂಜಿ ಚುಚ್ಚಿ ಗಾಳಿ ತೆಗೆಯುವ ಸಾಹಸವನ್ನಂತೂ ಮಗನಿಗೆ ಕಟ್ಟುನಿಟ್ಟಾಗಿ ಬೇಡವೆನ್ನಿ, ಹಾಗೆ ಮಾಡಿದರೆ ಬೆಂಕಿ ಹತ್ತುತ್ತದೆ. ಹೊರಗೆ, ಕಣ್ಣಳತೆಯಲ್ಲಿ, ಸಣ್ಣ ಬಲ್ಬಿನ ಮೂಲಕ ಪೂರ್ತಿ ಖಾಲಿ ಮಾಡಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹೊಸದನ್ನು ಕೊಳ್ಳುವಾಗ 1800 ಎಂಎಎಚ್ ಬದಲು 1000ರಿಂದ 1300 ಎಂಎಎಚ್ ಸಾಕು, ತೂಕದಲ್ಲಿ ಸುಮಾರು 40ರಿಂದ 60 ಗ್ರಾಂ ಅಲ್ಲೇ ಉಳಿಯುತ್ತದೆ. ಸೆಲ್‌ಗಳನ್ನು ಬೇರೆ ಬೇರೆಯಾಗಿ ಸಮತೋಲಿಸುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ, 1300 ಎಂಎಎಚ್‌ಗೆ 1.3 ಆಂಪಿಯರಿನಂತೆ, ಸೆಲ್ಲಿಗೆ 4.2 ವೋಲ್ಟ್ ಮೀರದಂತೆ ಚಾರ್ಜ್ ಮಾಡಿ. ಹಾರಾಟದಲ್ಲಿ ಸೆಲ್ 3.5 ವೋಲ್ಟಿಗೆ ಇಳಿಯುವ ಮುನ್ನವೇ ಇಳಿಸಿ, ವಾರಗಟ್ಟಲೆ ಬಳಸದಿದ್ದರೆ 3.8 ವೋಲ್ಟಿನಲ್ಲಿ ಇಡಿ. ಚಾರ್ಜ್ ಮಾಡುವ ಜಾಗ ಹಾಸಿಗೆ, ಫ್ಲೆಕ್ಸ್ ಸುರುಳಿ, ಥಿನ್ನರ್ ಡಬ್ಬಗಳಿರುವ ಅಂಗಡಿಯಾಗಬಾರದು. ಜಗುಲಿಯ ಕಡಪ ಕಲ್ಲಿನ ಮೇಲೆ ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಂಡು, ಮುಗಿಯುವವರೆಗೆ ಯಾರಾದರೊಬ್ಬರು ಹತ್ತಿರವೇ ಇರುವುದಾದರೆ ಮನೆಯವರೂ ಒಪ್ಪಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಬ್ಯಾಟರಿ ಬಿಡುವುದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು.

ಅನುಮತಿಯ ಪ್ರಶ್ನೆಯನ್ನು ನೀವು ಕೇಳಿದ್ದು ಸರಿಯಾಗಿದೆ. 2021ರ ಡ್ರೋನ್ ನಿಯಮಗಳು ಮನರಂಜನೆ, ಕಲಿಕೆ, ಪ್ರಯೋಗಗಳಿಗಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿ ವಿಮಾನಗಳನ್ನು ಒಂದು ಪ್ರತ್ಯೇಕ ಬಗೆಯಾಗಿ ಗುರುತಿಸಿವೆ. ತೂಕದ ಪ್ರಕಾರ 250 ಗ್ರಾಂನಿಂದ 2 ಕಿಲೋಗ್ರಾಂವರೆಗಿನವು ಮೈಕ್ರೋ ವರ್ಗಕ್ಕೆ ಸೇರುತ್ತವೆ, ವ್ಯಾಪಾರದ ಉದ್ದೇಶವಿಲ್ಲದೆ ಅವನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಜಾಗದ ನಿರ್ಬಂಧ ಎಲ್ಲರಿಗೂ ಒಂದೇ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಡ್ರೋನ್ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲ ಹಸಿರು ವಲಯದಲ್ಲಿದ್ದರೆ 120 ಮೀಟರ್, ಅಂದರೆ 400 ಅಡಿ ಎತ್ತರದವರೆಗೆ ಪೂರ್ವಾನುಮತಿ ಬೇಡ, ಕೆಂಪಿನಲ್ಲಿದ್ದರೆ ಆ ಜಾಗದ ಆಸೆಯನ್ನೇ ಬಿಡಿ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ಸಂಸ್ಥೆಯ ಏರೋನಾಟಿಕಲ್ ಟೆಸ್ಟ್ ರೇಂಜ್ ಇರುವುದರಿಂದ ಆ ಕಡೆಗೆ ಹೋಗುವುದೇ ಬೇಡ, ಹೊಳಲ್ಕೆರೆ ಅಥವಾ ಭರಮಸಾಗರದ ದಿಕ್ಕಿನ ಜಾಗಗಳನ್ನು ನಕ್ಷೆಯಲ್ಲಿ ನೋಡಿಕೊಂಡು ಆರಿಸಿ. 2023ರ ಆಗಸ್ಟ್‌ನಲ್ಲಿ ಪರೀಕ್ಷಾ ಹಾರಾಟದಲ್ಲಿದ್ದ ತಪಸ್ ಚಾಲಕರಹಿತ ವಿಮಾನ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ಬಿದ್ದಿದ್ದನ್ನು ನಮ್ಮ ಭಾಗದ ಜನ ಮರೆತಿಲ್ಲ. ಆದ್ದರಿಂದ ಹೊಲದ ಒಡೆಯರಿಗೂ ಅಕ್ಕಪಕ್ಕದವರಿಗೂ ಮೊದಲೇ ತಿಳಿಸಿದ್ದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಕೋಟೆಯ ಸುತ್ತಮುತ್ತ, ಜನ ಸೇರುವ ಮೈದಾನ, ವಿದ್ಯುತ್ ತಂತಿ ಹಾದುಹೋಗುವ ಹೊಲ ಬೇಡ. ಮೆಕ್ಕೆಜೋಳ ಕೊಯ್ದ ಹೊಲ ವಿಶಾಲವಾಗಿ ಕಂಡರೂ ಅದರ ಕೂಳೆ ಫೋಮನ್ನು ಇರಿದು ತೂತು ಮಾಡುತ್ತದೆ, ಶೇಂಗಾ ಕಿತ್ತ ಹೊಲ ಇಳಿಸಲು ಎಷ್ಟೋ ವಾಸಿ.

ರೆಡಿಮೇಡ್ ವಿಮಾನ ಕೊಳ್ಳುವುದರಲ್ಲಿ ತಪ್ಪಿಲ್ಲ. ತೂಕ, ಗುರುತ್ವ ಕೇಂದ್ರ, ಮೋಟಾರು ಎಲ್ಲವನ್ನೂ ಹೊಂದಿಸಿಯೇ ಕೊಟ್ಟಿರುತ್ತಾರೆ. ಆದರೆ ಅದು ಮುರಿದ ದಿನ ಬಿಡಿ ರೆಕ್ಕೆಗಾಗಿ ವಾರಗಟ್ಟಲೆ ಕಾಯಬೇಕು, ಕಲಿಯುವವರ ಕೈಯಲ್ಲಿ ಅದು ಬೇಗನೇ ಮುರಿಯುತ್ತದೆ. ಹಾಳೆ, ಕಟ್ಟರ್, ಕೆಲಸದ ಮೇಜು ಎಲ್ಲ ಇರುವ ನೀವು ಒಂದು ಸಂಜೆಯಲ್ಲಿ ಹೊಸ ರೆಕ್ಕೆ ಕತ್ತರಿಸಿಕೊಳ್ಳಬಲ್ಲಿರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಹಣವನ್ನು ಒಳ್ಳೆಯ ಟ್ರಾನ್ಸ್‌ಮಿಟರ್ ಮತ್ತು ಚಾರ್ಜರ್‌ಗೆ ಹಾಕುತ್ತಿದ್ದೆ. ಅವೆರಡೂ ಎಷ್ಟು ವಿಮಾನ ಮುರಿದರೂ ಉಳಿಯುತ್ತವೆ.

ಕಸರತ್ತು ಕಲಿಯುವುದನ್ನು ಕಂಪ್ಯೂಟರಿನ ಸಿಮ್ಯುಲೇಟರಿನಿಂದ ಶುರುಮಾಡಿ. ಮಗನಿಗೆ ಇದು ಆಟವೆನಿಸಿದರೂ, ವಿಮಾನ ತನ್ನತ್ತ ಬರುವಾಗ ಎಡ ಬಲ ಅದಲುಬದಲಾಗುವ ಗೊಂದಲ ಅಲ್ಲಿಯೇ ಕಳೆಯಬೇಕು. ನಿಜವಾದ ವಿಮಾನದಲ್ಲಿ ಮೊದಲು ಎರಡೂ ದಿಕ್ಕಿಗೆ ಮಟ್ಟಸವಾದ ಸುತ್ತುಗಳು, ಆಮೇಲೆ ಸಾಕಷ್ಟು ಎತ್ತರದಲ್ಲಿ ಥ್ರಾಟಲ್ ಇಳಿಸಿ ಬೇಕೆಂದೇ ಸ್ಟಾಲ್ ಮಾಡಿ ಅದು ಯಾವ ಬದಿಗೆ ಕುಸಿಯುತ್ತದೆಂದು ನೋಡಿಕೊಳ್ಳುವುದು, ಅದಾದ ಮೇಲೆ ಲೂಪ್. ಲೂಪಿನಲ್ಲಿ ಹೊಸಬರು ಎಲಿವೇಟರನ್ನು ಒಮ್ಮೆಲೇ ಎಳೆದು ವೇಗ ಕೊಲ್ಲುತ್ತಾರೆ. ನಲವತ್ತು ಮೀಟರ್ ಎತ್ತರದಲ್ಲಿ ವೇಗ ಕೂಡಿಸಿಕೊಂಡು, ನಿಧಾನವಾಗಿ ಎಳೆದು, ನೆತ್ತಿ ದಾಟಿದ ಕೂಡಲೇ ಥ್ರಾಟಲ್ ಇಳಿಸಿದರೆ ವೃತ್ತ ದುಂಡಗೆ ಬರುತ್ತದೆ. ರೋಲ್ ಮಾಡುವ ಮುನ್ನ ಮೂತಿಯನ್ನು ತುಸು ಎತ್ತಿ, ಎಲಿವೇಟರನ್ನು ಸಡಿಲ ಬಿಟ್ಟು, ಏಲೆರಾನನ್ನು ಪೂರ್ತಿ ಒತ್ತಿರಿ. ತಲೆಕೆಳಗಾದ ಗಳಿಗೆಯಲ್ಲಿ ಭಯಕ್ಕೆ ಎಲಿವೇಟರನ್ನು ಹಿಂದಕ್ಕೆ ಎಳೆಯುವುದೇ ಇಲ್ಲಿ ಪ್ರಾಣಾಂತಿಕ ಚಟ, ಆಗ ಮೂತಿ ನೇರವಾಗಿ ನೆಲದತ್ತ ತಿರುಗುತ್ತದೆ. ಆ ಕ್ಷಣದಲ್ಲಿ ಸ್ಟಿಕ್ಕನ್ನು ಕೂದಲೆಳೆಯಷ್ಟು ಮುಂದಕ್ಕೆ ಒತ್ತುವುದು ಬೆರಳಿಗೆ ಬರುವವರೆಗೆ ಎತ್ತರದಲ್ಲಿಯೇ ಅಭ್ಯಾಸ ಮಾಡಿ. ಪ್ರೊಪೆಲ್ಲರಿನ ಮೇಲೆ ವಿಮಾನವನ್ನು ನೆಟ್ಟಗೆ ನಿಲ್ಲಿಸುವ ಹೋವರ್ ಮಾತ್ರ ಈ ಋತುವಿನಲ್ಲಿ ಬೇಡ. ಅಲ್ಲಿ ರೆಕ್ಕೆ ಹೆಚ್ಚು ಕೆಲಸ ಮಾಡುವುದಿಲ್ಲ, ಪ್ರೊಪೆಲ್ಲರಿನ ಗಾಳಿ ಬಡಿಯುವ ರಡ್ಡರ್ ಮತ್ತು ಎಲಿವೇಟರ್‌ಗಳೇ ವಿಮಾನವನ್ನು ಹಿಡಿದಿರುತ್ತವೆ. ಎಡಗೈ ಹೆಬ್ಬೆರಳಿನಿಂದ ಥ್ರಾಟಲನ್ನೂ ರಡ್ಡರನ್ನೂ ಒಟ್ಟಿಗೇ ನಡೆಸುವುದು ಮಗನಿಗೆ ರೂಢಿಯಾದ ಮೇಲೆ ಅದಕ್ಕೆ ಕೈ ಹಾಕಬಹುದು.